ಕಹಿ ಉಪ್ಪಿನಿಂದ ಜೀವಕೋಶಕ್ಕೆ: ಮೆಗ್ನೀಸಿಯಂ ಅಯಾನಿನ ವೃತ್ತಾಂತ

ಪದಾರ್ಥವೊಂದರ ಉಪಯೋಗವು ಮೊದಲು ತಿಳಿದು, ಅದರ ಸ್ವರೂಪವು ಬಹುಕಾಲದ ಅನಂತರ ತಿಳಿಯುವುದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವಲ್ಲ. ಮೆಗ್ನೀಸಿಯಂ ಇದಕ್ಕೆ ಉತ್ತಮ ನಿದರ್ಶನ. ಚರಿತ್ರೆಯ ಅಧ್ಯಾಪಕನೊಬ್ಬನು ರಸಾಯನಶಾಸ್ತ್ರದ ಎಲ್ಲೆಯೊಳಗೆ ಕಾಲಿಡುವುದಕ್ಕೆ ಅದೇ ಸಮಾಧಾನ.

ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಬುಗ್ಗೆಯ ನೀರು ಕಹಿ; ಕುಡಿದರೆ ಭೇದಿಯಾಗುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಜನರು ಆರೋಗ್ಯವನ್ನು ಬಯಸಿ ಅಲ್ಲಿಗೆ ಹೋಗುತ್ತಿದ್ದರು. 1695ರಲ್ಲಿ ನೆಹೆಮಿಯಾ ಗ್ರೂ ಎಂಬ ವೈದ್ಯನು ಆ ಉಪ್ಪನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಇಂದು ನಾವು ಅದನ್ನು ಮೆಗ್ನೀಸಿಯಂ ಸಲ್ಫೇಟ್ ಎನ್ನುತ್ತೇವೆ. 1755ರಲ್ಲಿ ಜೋಸೆಫ್ ಬ್ಲ್ಯಾಕನು ಮೆಗ್ನೀಸಿಯವು ಸುಣ್ಣಕ್ಕಿಂತ ಭಿನ್ನವಾದ ವಸ್ತುವೆಂದು ತೋರಿಸಿದನು. 1808ರಲ್ಲಿ ಹಂಫ್ರಿ ಡೇವಿಯು ವಿದ್ಯುತ್ತಿನ ಸಹಾಯದಿಂದ ಅದರೊಳಗಿನ ಲೋಹವನ್ನು ಬೇರ್ಪಡಿಸಿದನು.

ಈ ಲೋಹದ ಪರಮಾಣುವು ಎರಡು ಇಲೆಕ್ಟ್ರಾನುಗಳನ್ನು ಕಳೆದುಕೊಂಡು ಎರಡು ಧನಾವೇಶಗಳುಳ್ಳ ಅಯಾನಾಗುತ್ತದೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಅಯಾನಿನ ಆವೇಶವೂ ಅಷ್ಟೇ. ಆದರೆ ಅದರ ತ್ರಿಜ್ಯವು ಸುಮಾರು 1.00 ಆಂಗ್‌ಸ್ಟ್ರಾಂ ಆಗಿದ್ದರೆ, ಮೆಗ್ನೀಸಿಯಂ ಅಯಾನಿನದು 0.72 ಮಾತ್ರ. ಸಮಾನ ಆವೇಶವು ಇಕ್ಕಟ್ಟಾದ ಎಡೆಯಲ್ಲಿ ಅಡಗಿರುವುದರಿಂದ ಅದು ತನ್ನ ಸುತ್ತಲಿನ ಆರು ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಕ್ಯಾಲ್ಸಿಯಮ್ಮಿನಂತೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈ ಅಲ್ಪ ಭೇದದಿಂದ ಜೀವಲೋಕದಲ್ಲಿ ಇವೆರಡರ ಕಾರ್ಯಗಳು ಬೇರೆಯಾದುವು.

ಹಸುರೆಲೆಯ ಪತ್ರಹರಿತ್ತಿನ ಅಣುವಿನಲ್ಲಿ ನಾಲ್ಕು ನೈಟ್ರೊಜನ್ ಪರಮಾಣುಗಳ ನಡುವೆ ನೆಲೆಸಿರುವುದು ಈ ಅಯಾನೇ. ಪತ್ರಹರಿತ್ತನ್ನು ಶೋಧಿಸಿದ ರಿಚರ್ಡ್ ವಿಲ್‌ಸ್ಟಾಟರನಿಗೆ 1915ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಜೀವಕೋಶದ ಶಕ್ತಿಯ ನಾಣ್ಯವೆನಿಸಿದ ಎಟಿಪಿ ಅಣುವಿನ ಫಾಸ್ಫೇಟುಗಳು ಋಣಾವೇಶವುಳ್ಳವು. ಮೆಗ್ನೀಸಿಯಂ ಅವುಗಳಿಗೆ ಅಂಟಿಕೊಂಡು ಆ ಆವೇಶವನ್ನು ತಗ್ಗಿಸಿದಾಗಲೇ ಅನೇಕ ಕಿಣ್ವಗಳು ಎಟಿಪಿಯನ್ನು ಬಳಸಬಲ್ಲವು. ಪ್ರೋಟೀನನ್ನು ಕಟ್ಟುವ ರೈಬೊಸೋಮುಗಳ ರಚನೆಯು ನಿಲ್ಲುವುದಕ್ಕೂ ಇದೇ ಆಧಾರ. ವಯಸ್ಕ ಮನುಷ್ಯನ ದೇಹದಲ್ಲಿರುವುದು ಸುಮಾರು 25 ಗ್ರಾಂ ಮೆಗ್ನೀಸಿಯಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎಲುಬುಗಳಲ್ಲಿರುತ್ತದೆ. ರಕ್ತದಲ್ಲಿರುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಈ ವೃತ್ತಾಂತದ ಅತ್ಯಂತ ಮಹತ್ವದ ಅಧ್ಯಾಯವು ಹೆರಿಗೆಯ ಕೋಣೆಗೆ ಸೇರಿದ್ದು. ಬಸುರಿಯಲ್ಲಿ ರಕ್ತದೊತ್ತಡವೇರಿ ಸೆಳವು ಬರುವ ಗರ್ಭನಂಜು ತಾಯಿಯನ್ನೂ ಮಗುವನ್ನೂ ಬಲಿತೆಗೆದುಕೊಳ್ಳಬಲ್ಲದು. ವೈದ್ಯರು ಇಪ್ಪತ್ತನೆಯ ಶತಮಾನದ ಆದಿಭಾಗದಿಂದಲೇ ಇದಕ್ಕೆ ಎಪ್ಸಮ್ಮಿನ ಆ ಉಪ್ಪನ್ನೇ ಚುಚ್ಚುಮದ್ದಾಗಿ ಕೊಡುತ್ತಿದ್ದರಾದರೂ, ಇತರ ಔಷಧಗಳಿಗಿಂತ ಅದು ಮೇಲೆಂಬುದು ಸ್ಥಿರಪಟ್ಟದ್ದು 1995ರ ಅಂತರರಾಷ್ಟ್ರೀಯ ಪರೀಕ್ಷೆಯಿಂದ. 33 ದೇಶಗಳ ಹತ್ತು ಸಾವಿರಕ್ಕೂ ಮಿಕ್ಕ ಸ್ತ್ರೀಯರಲ್ಲಿ ನಡೆದು 2002ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯು, ಅಪಾಯದ ಲಕ್ಷಣಗಳು ತೋರಿದೊಡನೆಯೇ ಈ ಉಪ್ಪನ್ನು ಕೊಟ್ಟರೆ ಸೆಳವಿನ ಭಯವು ಅರ್ಧಕ್ಕಿಂತ ಕೆಳಗಿಳಿಯುವುದೆಂದು ತೋರಿಸಿತು.

ಆದರೆ ಮಿತಿ ಮೀರಿದರೆ ಇದೇ ಔಷಧವು ಉಸಿರನ್ನು ನಿಲ್ಲಿಸಬಲ್ಲದು. ಅದಕ್ಕೆ ಮುಂಚೆಯೇ ಮೊಣಕಾಲಿನ ಪ್ರತಿಕ್ರಿಯೆಯು ಅಡಗುವುದರಿಂದ ಎಚ್ಚರಿಕೆಯುಳ್ಳ ವೈದ್ಯರೂ ದಾದಿಯರೂ ಅದನ್ನು ಆಗಾಗ್ಗೆ ಪರೀಕ್ಷಿಸುತ್ತಾರೆ. ಪ್ರಮಾದವಾದರೆ ಕೊಡುವ ಪ್ರತ್ಯೌಷಧವು ಕ್ಯಾಲ್ಸಿಯಮ್ಮಿನ ಲವಣ. ನರ ಸ್ನಾಯುಗಳಲ್ಲಿ ಕ್ಯಾಲ್ಸಿಯಮ್ಮಿನ ಕಾರ್ಯಕ್ಕೆ ಮೆಗ್ನೀಸಿಯಂ ಅಡ್ಡ ನಿಲ್ಲುತ್ತದೆ. ಕ್ಯಾಲ್ಸಿಯಮ್ಮು ಹೆಚ್ಚಿದಾಗ ಆ ಅಡ್ಡಿಯು ತೊಲಗುತ್ತದೆ. ಸುಣ್ಣವೂ ಮೆಗ್ನೀಸಿಯವೂ ಬೇರೆಯೆಂದು ಬ್ಲ್ಯಾಕನು ಪ್ರಯೋಗಶಾಲೆಯಲ್ಲಿ ಕಂಡ ಭೇದವು ಇಂದು ರೋಗಿಯ ಹಾಸಿಗೆಯ ಬಳಿ ಪ್ರಾಣವನ್ನುಳಿಸುವ ತಿಳಿವಳಿಕೆಯಾಗಿದೆ.