ಗೋಧಿ ಒಗ್ಗದ ಹೊಟ್ಟೆ, ಸಾಮೆ–ನವಣೆಯ ಊರು

‘ಒಂದೇ ಒಂದು ಹೋಳಿಗೆ ತಿಂದ್ರೆ ಏನಾಗುತ್ತೆ? ಪ್ರಾಣ ಹೋಗುತ್ತಾ?’

ಹಬ್ಬ, ಮದುವೆ, ಗೃಹಪ್ರವೇಶ ಅಂತ ಎಲ್ಲಿಗೆ ಹೋದರೂ ನನಗೆ ಎದುರಾಗುವ ಪ್ರಶ್ನೆ ಇದು. ಕೇಳುವವರದು ಪ್ರೀತಿಯೇ. ಪ್ರಾಣವೇನೂ ಹೋಗಲ್ಲ, ಆದರೆ ಕರುಳಿಗೆ ಪೆಟ್ಟು ಬೀಳುತ್ತೆ. ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ನನ್ನ ದೇಹಕ್ಕೆ ಆಗುವುದಿಲ್ಲ. ಹೋಳಿಗೆಯ ಕಣಕ ಹರಿಯದೆ ಎಳೆದಷ್ಟೂ ಹಿಗ್ಗುತ್ತದಲ್ಲ, ಆ ಅಂಟಿನ ಗುಣವೇ ಗ್ಲುಟೆನ್.

ನಾನು ಹೊಸದುರ್ಗ ತಾಲ್ಲೂಕಿನವಳು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಈಗ ಮದುವೆಯಾಗಿ ಹಿರಿಯೂರಿನಲ್ಲಿದ್ದೇನೆ. ತಿಂಗಳಿಗೆ ಒಂದು ವಾರ ಆಫೀಸು, ಉಳಿದಂತೆ ಮನೆಯಿಂದಲೇ ಕೆಲಸ.

‘ಹೆಣ್ಮಕ್ಕಳಿಗೆ ರಕ್ತ ಕಡಿಮೆ ಇರೋದು ಮಾಮೂಲಿ’

ಊರಲ್ಲಿದ್ದಾಗ ಮುದ್ದೆ, ಅನ್ನ ತಿಂದು ಬೆಳೆದವಳು ನಾನು. ಬೆಂಗಳೂರಿನ ಪಿ.ಜಿ.ಯಲ್ಲಿ ಬೆಳಿಗ್ಗೆ ಬ್ರೆಡ್ಡು ಅಥವಾ ಉಪ್ಪಿಟ್ಟು, ರಾತ್ರಿ ಚಪಾತಿ. ಕ್ರಮೇಣ ಹೊಟ್ಟೆ ಉಬ್ಬರ, ಬಾಯಿಹುಣ್ಣು, ಸುಸ್ತು ಶುರುವಾಯಿತು. ಹಿಮೋಗ್ಲೋಬಿನ್ 7.8ಕ್ಕೆ ಇಳಿಯಿತು. ಎರಡು ವರ್ಷ ಕಬ್ಬಿಣಾಂಶದ ಮಾತ್ರೆ ನುಂಗಿದರೂ ಏರಲಿಲ್ಲ. ಕೆಲವರು ಗ್ಯಾಸ್ಟ್ರಿಕ್ ಅಂದರು, ಕೆಲವರು ಕೆಲಸದ ಟೆನ್ಷನ್ ಅಂದರು. ‘ಹೆಣ್ಮಕ್ಕಳಿಗೆ ರಕ್ತ ಕಡಿಮೆ ಇರೋದು ಮಾಮೂಲಿ ಕಣಮ್ಮ’ ಎಂಬ ಮಾತನ್ನಂತೂ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆ ಕಡೆ ಹೊರಟಿತ್ತು. ನಾವೂ ಬುತ್ತಿ ಕಟ್ಟಿಕೊಂಡು ಹೋದೆವು. ಏರು ಹತ್ತುವಾಗ ನನಗೆ ಅರ್ಧಕ್ಕೇ ಉಸಿರು ಕಟ್ಟಿ ಕೂತುಬಿಟ್ಟೆ. ಅರವತ್ತರ ಹತ್ತಿರದ ಅಮ್ಮ ಮೇಲೆ ನಿಂತು ನನಗಾಗಿ ಕಾಯುತ್ತಿದ್ದಳು. ಅವತ್ತೇ ಅಪ್ಪ, ‘ಇದು ಬರೀ ಸುಸ್ತಲ್ಲ, ದೊಡ್ಡ ಡಾಕ್ಟರಿಗೆ ತೋರಿಸಲೇಬೇಕು’ ಅಂತ ನಿರ್ಧರಿಸಿದರು.

ದಾವಣಗೆರೆಯಲ್ಲಿ ಜೀರ್ಣಾಂಗದ ತಜ್ಞರೊಬ್ಬರು ನನ್ನ ಹಳೇ ರಿಪೋರ್ಟುಗಳನ್ನೆಲ್ಲ ನೋಡಿ, ‘ದಿನಕ್ಕೆ ಎಷ್ಟು ಗೋಧಿ ತಿಂತೀರಿ?’ ಅಂತ ಕೇಳಿದರು. ಅದುವರೆಗೆ ಯಾರೂ ಕೇಳದ ಪ್ರಶ್ನೆ. ಟಿ.ಟಿ.ಜಿ–ಐಜಿಎ ಎಂಬ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಆರಂಭದ ಭಾಗದಿಂದ ಚೂರು ತೆಗೆದು ಬಯಾಪ್ಸಿ. ಕಾಯಿಲೆಗೆ ಕೊನೆಗೂ ಒಂದು ಹೆಸರು ಸಿಕ್ಕಿತು.

ಟವೆಲ್ಲಿನ ಎಳೆ ಸವೆದ ಹಾಗೆ

ಇದು ಅಜೀರ್ಣವೂ ಅಲ್ಲ, ಅಲರ್ಜಿಯೂ ಅಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಗ್ಲುಟೆನ್ ಕಂಡಾಗ ತಪ್ಪು ತಿಳಿದು ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಹೊಸ ಟವೆಲ್ಲಿನ ಎಳೆಗಳಂತೆ ವಿಲ್ಲೈ ಎಂಬ ಸಣ್ಣ ಸಣ್ಣ ಎಳೆಗಳಿರುತ್ತವೆ. ಊಟದ ಸಾರ ಹೀರುವುದು ಅವೇ. ದಾಳಿ ನಡೆದಷ್ಟೂ ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ, ಎಷ್ಟು ಮಾತ್ರೆ ನುಂಗಿದರೂ ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಮೂಳೆ ಸವೆತ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು, ಕೆಲವರಲ್ಲಿ ಗರ್ಭ ನಿಲ್ಲದಿರುವುದು, ಎಲ್ಲಕ್ಕೂ ಇದು ಕಾರಣವಾಗಬಹುದು. ಭೇದಿ ಆಗಲೇಬೇಕೆಂದಿಲ್ಲ.

ಗೋಧಿಯೇ ಕಾರಣವೆಂದು ಜಗತ್ತಿಗೆ ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ನೆದರ್ಲೆಂಡ್ಸ್‌ನಲ್ಲಿ ಭೀಕರ ಬರ ಬಂತು. ಬ್ರೆಡ್ಡು ಸಿಗದ ಆ ದಿನಗಳಲ್ಲಿ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮತ್ತೆ ಬಂದಾಗ ಹಾಸಿಗೆ ಹಿಡಿದರು. ಮೊದಲೇ ಅನುಮಾನವಿದ್ದ ಡಿಕ್ಕೆಗೆ ಅದು ಬಲವಾದ ಸಾಕ್ಷಿಯಾಯಿತು. ಇವತ್ತಿಗೂ ಇದಕ್ಕಿರುವ ಚಿಕಿತ್ಸೆ ಒಂದೇ: ಜೀವನಪೂರ್ತಿ ಗ್ಲುಟೆನ್ ಇಲ್ಲದ ಊಟ.

ಹಾಗಾದರೆ ‘ಒಂದೇ ಒಂದು ಹೋಳಿಗೆ’? ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೂಡ ಮೂರು ತಿಂಗಳಲ್ಲಿ ಕರುಳಿಗೆ ಹಾನಿ ಮಾಡಬಲ್ಲದು ಎಂದು ಸಂಶೋಧನೆ ಹೇಳುತ್ತದೆ. ಒಂದು ಚಪಾತಿಯಲ್ಲಿ ಎರಡು–ಮೂರು ಗ್ರಾಂ ಇರುತ್ತದೆ. ಅಂದರೆ ಚಪಾತಿಯ ಐವತ್ತರಲ್ಲೊಂದು ಚೂರು ದಿನಾ ಹೊಟ್ಟೆಗೆ ಹೋದರೂ ತೊಂದರೆಯೇ.

ಇದು ಉತ್ತರದವರ ಕಾಯಿಲೆಯಾ?

ಹಾಗಂತ ನನಗೆ ಹೇಳಿದವರಿದ್ದಾರೆ. ಅರ್ಧ ನಿಜ. ದೇಶದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ 1.23 ಜನರ ರಕ್ತದಲ್ಲಿದ್ದರೆ, ದಕ್ಷಿಣದಲ್ಲಿ 0.10 ಜನರಲ್ಲಿದ್ದವು. ಆದರೆ ಕಾಯಿಲೆಗೆ ಬೇಕಾದ ಜೀನು ಎರಡೂ ಕಡೆ ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರಲ್ಲಿತ್ತು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ, ದಕ್ಷಿಣದವರು 25 ಗ್ರಾಂ.

ಜೀನು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ನಿಜ. ಆದರೆ ನಮ್ಮ ತಟ್ಟೆಯೂ ಬದಲಾಗುತ್ತಿದೆ. ಸಕ್ಕರೆ ಕಾಯಿಲೆ ಬಂತು ಅಂತ ರಾತ್ರಿ ಚಪಾತಿ, ಮಕ್ಕಳಿಗೆ ನೂಡಲ್ಸು, ಸಂಜೆಗೆ ಬೇಕರಿ. ಹಾಗಾಗಿ ‘ನಮ್ಮ ಕಡೆ ಇಲ್ಲ’ ಅಂತ ಕೈಬಿಡುವ ಕಾಲ ಇದಲ್ಲ.

ಹೊಲದಲ್ಲೇ ಇದ್ದ ಔಷಧಿ

ರಿಪೋರ್ಟು ಬಂದ ರಾತ್ರಿ ನಾನು ಲ್ಯಾಪ್‌ಟಾಪ್ ತೆಗೆದು ಗ್ಲುಟೆನ್ ಇಲ್ಲದ ಬ್ರೆಡ್ಡು, ಪಾಸ್ತಾ ಹುಡುಕುತ್ತಾ ಕೂತಿದ್ದೆ. ರೇಟು ನೋಡಿ ಅಪ್ಪ ನಕ್ಕುಬಿಟ್ಟರು. ‘ಅಲ್ಲ ಕಣೇ, ಸಾಮೆ ಇದೆ, ನವಣೆ ಇದೆ, ರಾಗಿ ಇದೆ. ಇದ್ಯಾಕೆ?’

ಅವರ ಮಾತು ಸರಿ. ಮಳೆ ಕಡಿಮೆ ಬೀಳುವ ನಮ್ಮ ಹೊಸದುರ್ಗ ಸೀಮೆ ಸಾಮೆ, ನವಣೆಗೆ ಹೆಸರಾದದ್ದು. ಅಕ್ಕಿ, ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಬೇಳೆಕಾಳು, ಶೇಂಗಾ, ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ–ಬಸ್ಸಾರು, ನವಣೆ ಅನ್ನ, ಸಾಮೆ ಬಿಸಿಬೇಳೆಬಾತು, ಅಕ್ಕಿರೊಟ್ಟಿ, ಒತ್ತುಶಾವಿಗೆ, ಇಷ್ಟರಲ್ಲಿ ವರ್ಷ ಕಳೆಯಬಹುದು. ಯುಗಾದಿಗೆ ಅಮ್ಮ ಅದೇ ಹೂರಣವನ್ನು ಅಕ್ಕಿಹಿಟ್ಟಿನ ಕಡುಬಿಗೆ ತುಂಬುತ್ತಾಳೆ.

ನಾಲ್ಕು ತಿಂಗಳಲ್ಲಿ ನನ್ನ ಹಿಮೋಗ್ಲೋಬಿನ್ 11 ದಾಟಿತು. ಆಗಲೂ ಮಾತ್ರೆ ಅದೇ ಇತ್ತು. ಈ ಸಲ ಮೈಗೆ ಹತ್ತಿತು, ಅಷ್ಟೆ.

ಇಂಗಿನಲ್ಲೂ ಗೋಧಿ

ಕಷ್ಟ ಇರುವುದು ಕಾಣದ ಗೋಧಿಯಲ್ಲಿ. ಹೀಗೆ ನುಸುಳುತ್ತದೆ:

• ಇಂಗು: ಅಂಗಡಿಯ ಬಹಳಷ್ಟು ಇಂಗಿನ ಡಬ್ಬಿಗಳಲ್ಲಿ ಗೋಧಿಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಸಾರಿನ ಪುಡಿ, ಉಪ್ಪಿನಕಾಯಿ, ಒಗ್ಗರಣೆ ಎಲ್ಲದರಲ್ಲೂ ಅದೇ ಇಂಗು. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಡಬ್ಬಿಯ ಸಣ್ಣ ಅಕ್ಷರ ಓದಬೇಕು.

• ಗಿರಣಿ: ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಆ ರಾಗಿಹಿಟ್ಟು ನನಗೆ ಆಗದು. ಕಾಳು ತಂದು, ಆರಿಸಿ, ತೊಳೆದು ಒಣಗಿಸಿ, ಮನೆಯಲ್ಲೇ ಸಣ್ಣ ಯಂತ್ರದಲ್ಲಿ ಬೀಸಿಕೊಳ್ಳುತ್ತೇವೆ.

• ಹೆಸರಿನ ಮೋಸ: ರಾಗಿ ಬಿಸ್ಕತ್ತು, ಸಿರಿಧಾನ್ಯದ ಬಿಸ್ಕತ್ತುಗಳಲ್ಲಿ ಮೈದಾ ಇರುವುದುಂಟು. ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರಾದ ಜವೆಗೋಧಿಯೂ ಗೋಧಿಯೇ. ಹಾಲಿಗೆ ಬೆರೆಸುವ ಹಲವು ಪುಡಿಗಳಲ್ಲಿ ಬಾರ್ಲಿ ಮಾಲ್ಟ್ ಇರುತ್ತದೆ, ಸೋಯಾ ಸಾಸ್‌ನಲ್ಲಿ ಗೋಧಿ.

• ಬಾಣಲೆ, ಹೆಂಚು: ಮಂಡಕ್ಕಿ ಜೊತೆಗಿನ ಮೆಣಸಿನಕಾಯಿ ಬಜ್ಜಿ ಕಡಲೆಹಿಟ್ಟಿನದ್ದೇ. ಆದರೆ ಅದೇ ಎಣ್ಣೆಯಲ್ಲಿ ಮೈದಾ ಬೋಂಡ ಕರಿದಿದ್ದರೆ? ಚಿತ್ರದುರ್ಗದಲ್ಲಿ ಸಂಜೆ ಹೊತ್ತು ಆ ಘಮಲು ದಾಟಿ ಬರುವುದಿದೆಯಲ್ಲ, ಅದು ದೊಡ್ಡ ತಪಸ್ಸು!

ಪೊಟ್ಟಣದ ಮೇಲೆ ‘ಗ್ಲುಟೆನ್ ರಹಿತ’ ಎಂದು ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ.

ಮುಚ್ಚಿಟ್ಟು ಮದುವೆ ಬೇಡ

ಹೆಣ್ಣು ನೋಡುವ ಶಾಸ್ತ್ರ ಶುರುವಾದಾಗ ದೊಡ್ಡಮ್ಮ ಪಿಸುಗುಟ್ಟಿದ್ದರು: ‘ಈಗ್ಲೇ ಹೇಳ್ಬೇಡ ಕಣೇ, ಕಾಯಿಲೆ ಹುಡುಗಿ ಅಂತಾರೆ. ಮದುವೆ ಆದ್ಮೇಲೆ ಹೆಂಗೋ ನೋಡ್ಕೊಂಡ್ರಾಯ್ತು.’ ಅವರ ಭಯ ಸುಳ್ಳಲ್ಲ. ಎರಡು ಸಂಬಂಧ ಇದೇ ಕಾರಣಕ್ಕೆ ತಪ್ಪಿದವು. ಅಮ್ಮ ಅತ್ತಳು. ಆದರೆ ದಿನಾ ಮೂರು ಹೊತ್ತು ತಟ್ಟೆಯಲ್ಲಿ ಕಾಣುವುದನ್ನು ಮುಚ್ಚಿಡುವುದಾದರೂ ಹೇಗೆ? ಹೇಳಿಯೇ ಆಗಬೇಕು ಎಂದು ನಾನು ಪಟ್ಟು ಹಿಡಿದೆ.

ಹಿರಿಯೂರಿನವರು ಬಂದಾಗ ನಾನೇ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗಿನ ನನ್ನ ಅತ್ತೆ ಕೇಳಿದ್ದು ಇಷ್ಟೇ: ‘ಮುದ್ದೆ ತಿಂತೀಯಲ್ಲಮ್ಮ? ಹಂಗಾದ್ರೆ ಇನ್ನೇನು ಬೇಕು?’

ಹೇಳಿದಷ್ಟು ಸುಲಭವಾಗಿ ಎಲ್ಲ ನಡೆಯಲಿಲ್ಲ ಬಿಡಿ. ಸತ್ಯನಾರಾಯಣ ಪೂಜೆಯ ದಿನ ರವೆಯ ಸಪಾದ ಬೇಡ ಅಂದಾಗ ಹಿರಿಯರೊಬ್ಬರು ‘ಪ್ರಸಾದಕ್ಕೆ ಬೇಡ ಅನ್ನಬಾರದು’ ಎಂದು ಮುಖ ಸಿಂಡರಿಸಿದರು. ಅತ್ತೆ ದೇವರ ಮುಂದಿನ ಬಾಳೆಹಣ್ಣು ತಂದು ನನ್ನ ಕೈಗಿಟ್ಟು, ‘ಇದೂ ಪ್ರಸಾದವೇ’ ಅಂದರು. ಈಗ ಅಡುಗೆಮನೆಯಲ್ಲಿ ನನಗೊಂದು ಬೇರೆ ಹೆಂಚು, ಬೇರೆ ಲಟ್ಟಣಿಗೆ, ಕೆಂಪು ಮುಚ್ಚಳದ ಡಬ್ಬಿಗಳಿವೆ.

ಮನೆಯವರಿಗೂ ಪರೀಕ್ಷೆ

ಈ ಕಾಯಿಲೆ ರಕ್ತಸಂಬಂಧದಲ್ಲಿ ಹರಿಯುತ್ತದೆ. ಹಾಗಾಗಿ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಿಗೆ ಪರೀಕ್ಷೆ ಮಾಡಿಸಿ ಎನ್ನುತ್ತಾರೆ ವೈದ್ಯರು. ಹೊಳಲ್ಕೆರೆಯಲ್ಲಿರುವ ಅಕ್ಕನಿಗೆ ಥೈರಾಯ್ಡ್ ಬಿಟ್ಟರೆ ಬೇರೇನೂ ತೊಂದರೆ ಇರಲಿಲ್ಲ, ಆದರೂ ಅವಳ ರಿಪೋರ್ಟು ಪಾಸಿಟಿವ್ ಬಂತು. ಆಮೇಲೆ ಅವಳ ಏಳು ವರ್ಷದ ಮಗನದ್ದೂ. ‘ಅಡಿಕೆ ತೋಟದ ಹುಡುಗ, ಅಡಿಕೆ ಮರದಂಗೆ ಸಣ್ಣ’ ಅಂತ ಎಲ್ಲರೂ ತಮಾಷೆ ಮಾಡುತ್ತಿದ್ದ ಹುಡುಗ ಅವನು. ಈಗ ಡಬ್ಬಿಗೆ ಸಾಮೆ ಚಿತ್ರಾನ್ನ ಒಯ್ಯುತ್ತಾನೆ. ಹುಟ್ಟುಹಬ್ಬದ ಕೇಕು ಹಂಚಿದಾಗ ಮಾತ್ರ ಕಣ್ಣು ತುಂಬಿಕೊಳ್ಳುತ್ತಾನಂತೆ. ಟೀಚರ್ ತಮ್ಮ ಮೇಜಿನಲ್ಲಿ ಅವನಿಗಾಗಿ ಶೇಂಗಾ ಚಿಕ್ಕಿ ಇಟ್ಟುಕೊಂಡಿದ್ದಾರೆ. ಒಂದು ವರ್ಷದಲ್ಲಿ ಅವನ ಪ್ಯಾಂಟುಗಳೆಲ್ಲ ಗಿಡ್ಡವಾಗಿವೆ!

ಓದುಗರಲ್ಲಿ ಒಂದು ವಿನಂತಿ. ಅನುಮಾನ ಬಂತು ಅಂತ ನೀವೇ ಗೋಧಿ ಬಿಟ್ಟುಬಿಡಬೇಡಿ. ಗೋಧಿ ಬಿಟ್ಟಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ರಿಪೋರ್ಟು ನಾರ್ಮಲ್ ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಪರೀಕ್ಷೆಯಲ್ಲಿ ಏನೂ ಇಲ್ಲದಿದ್ದರೂ ಗೋಧಿ ತಿಂದಾಗ ಹೊಟ್ಟೆ ಉಬ್ಬರ, ತಲೆನೋವು ಬರುವವರಿದ್ದಾರೆ. ಅದು ಗ್ಲುಟೆನ್ ಅಸಹಿಷ್ಣುತೆ ಇರಬಹುದು. ಗೋಧಿಯ ಅಲರ್ಜಿ ಇನ್ನೂ ಬೇರೆ. ಯಾವುದು ಎಂದು ವೈದ್ಯರೇ ಹೇಳಬೇಕು. ಏನೂ ತೊಂದರೆ ಇಲ್ಲದವರು ಗೋಧಿ ಬಿಡುವ ಅಗತ್ಯವಿಲ್ಲ, ನಿಮ್ಮ ಪಾಲಿನ ಹೋಳಿಗೆ ಧಾರಾಳವಾಗಿ ತಿನ್ನಿ.

ಆದರೆ ಕಬ್ಬಿಣಾಂಶದ ಮಾತ್ರೆಗೆ ಜಗ್ಗದ ರಕ್ತಹೀನತೆ, ತೂಕ ಏರದ ಮಗು, ವರ್ಷಗಟ್ಟಲೆಯ ಹೊಟ್ಟೆನೋವು ನಿಮ್ಮ ಮನೆಯಲ್ಲಿದ್ದರೆ, ‘ಸೀಲಿಯಾಕ್ ಇರಬಹುದಾ?’ ಅಂತ ವೈದ್ಯರನ್ನು ಒಮ್ಮೆ ಕೇಳಿ. ಇನ್ನು ನನ್ನಂಥವರು ನಿಮ್ಮ ಮನೆಗೆ ಊಟಕ್ಕೆ ಬಂದರೆ ಗಾಬರಿಯಾಗಬೇಡಿ. ಬಿಸಿ ಅನ್ನ, ಇಂಗು ಹಾಕದ ಬೇಳೆಕಟ್ಟು, ತುಪ್ಪ, ಮಜ್ಜಿಗೆ ಇದ್ದರೆ ಸಾಕು. ‘ಒಂದೇ ಒಂದು’ ಅಂತ ಒತ್ತಾಯ ಮಾತ್ರ ಮಾಡಬೇಡಿ.