ಮಂಗರಬಳ್ಳಿಯೂ ಮಾಗಿದ ಮೂಳೆಯೂ

ಸವಾಯಿ ಗಂಧರ್ವರ ಪುಣ್ಯತಿಥಿಗೆಂದು ಕುಂದಗೋಳದ ನಾಡಗೀರರ ವಾಡೆಗೆ ಬರುವ ರಸಿಕರು ಊರಿನ ಓಣಿಗಳನ್ನು ಹೊಕ್ಕು ನೋಡುವುದು ಅಪರೂಪ. ನಾನು ಈ ಸಲ ಹೋದದ್ದು ಗಾಯನಕ್ಕಲ್ಲ. ಪರಿಚಿತರೊಬ್ಬರ ಹಿತ್ತಲ ಬೇಲಿಯನ್ನು ಸಂಪೂರ್ಣವಾಗಿ ಆಕ್ರಮಿಸಿಕೊಂಡಿರುವ ಮಂಗರಬಳ್ಳಿಯನ್ನೂ, ಆ ಮನೆಯ ಹಿರಿಯ ತಾಯಿ ಅದರ ಎಳೆಯ ಕುಡಿಗಳಿಂದ ಮಾಡುವ ಚಟ್ನಿಯನ್ನೂ ಕಣ್ಣಾರೆ ಕಾಣುವುದಕ್ಕೆ. ಬಳ್ಳಿಗೆ ನಾನು ಕೈಯಿಕ್ಕುವಷ್ಟರಲ್ಲಿಯೇ ಆಕೆ ಕುಸುಬಿ ಎಣ್ಣೆಯ ಬಟ್ಟಲನ್ನು ಮುಂದಕ್ಕೆ ಸರಿಸಿ, “ಕೈಗೆ ಎಣ್ಣಿ ಹಚ್ಚಿಕೋ ತಮ್ಮಾ, ಇಲ್ಲಾಂದ್ರ ರಾತ್ರಿತನಕಾ ತುರಸ್ತದ” ಎಂದರು. ಅಂಚಿನ ನಾರನ್ನು ಸುಲಿದು, ಗೆಣ್ಣುಗಳನ್ನು ತೆಗೆದೊಗೆದು, ಸಣ್ಣಗೆ ಹೆಚ್ಚಿದ ಹೋಳುಗಳನ್ನು ಎಣ್ಣೆಯಲ್ಲಿ ಹಸಿರು ಬಾಡುವವರೆಗೆ ಹುರಿದು, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಧಾರಾಳವಾದ ಹುಣಸೆಹಣ್ಣುಗಳೊಡನೆ ಅರೆದ ಆ ಚಟ್ನಿಯನ್ನು ಬಿಸಿ ಜೋಳದ ರೊಟ್ಟಿಯೊಡನೆ ಉಂಡಾಗ, ಔಷಧವೊಂದು ಇಷ್ಟು ರುಚಿಕರವಾಗಿರಬಹುದೆಂಬ ಸಂತೋಷ ಇನ್ನೂ ನನ್ನನ್ನು ಬಿಟ್ಟಿಲ್ಲ. ಹುಣಸೆ ಇಲ್ಲಿ ರುಚಿಗೆ ಮಾತ್ರವಲ್ಲ. ಬಳ್ಳಿಯಲ್ಲಿರುವ ಆಕ್ಸಲೇಟಿನ ಸೂಕ್ಷ್ಮ ಹರಳುಗಳು ಗಂಟಲನ್ನು ಕೆರೆಯದಂತೆ ತಡೆಯುವ ಉಪಾಯವೂ ಹೌದು.

ಈ ಸಸ್ಯದ ದೇಹರಚನೆಯೇ ಒಂದು ವಿಸ್ಮಯ. ಕಾಂಡವು ದುಂಡಗಿಲ್ಲ, ನಾಲ್ಕು ಮೂಲೆಗಳುಳ್ಳದ್ದು. ಮೂಲೆಮೂಲೆಗೂ ರೆಕ್ಕೆಯಂಥ ಅಂಚು. ಗೇಣಿಗೂ ಕಡಿಮೆ ಅಂತರದಲ್ಲಿ ಒಂದೊಂದು ಗೆಣ್ಣು, ಆ ಗೆಣ್ಣಿನಲ್ಲಿ ಒಂದು ಎಲೆ, ಅದರೆದುರಿಗೆ ಆಸರೆ ಹುಡುಕುವ ತಂತು. ದ್ರಾಕ್ಷಿಯ ಕುಟುಂಬಕ್ಕೆ ಸೇರಿದ್ದಾದರೂ ಕಳ್ಳಿಯ ಸ್ವಭಾವವನ್ನು ರೂಢಿಸಿಕೊಂಡಿರುವ ಇದು ಎರೆಯ ನೆಲ ಬಿರಿದು ಬಾಯಿಬಿಡುವ ವೈಶಾಖದಲ್ಲಿಯೂ ಹಸಿರನ್ನು ಬಿಟ್ಟುಕೊಡುವುದಿಲ್ಲ. ಕಡಿದ ತುಂಡೊಂದನ್ನು ಆ ಮನೆಯವರು ದಾರಕ್ಕೆ ಕಟ್ಟಿ ತೊಲೆಗೆ ತೂಗುಹಾಕಿದ್ದರು. ಮಣ್ಣಿಲ್ಲ, ನೀರಿಲ್ಲ, ಆದರೂ ಗೆಣ್ಣಿನ ಬಳಿ ಬಿಳಿಯ ಬೇರಿನ ಮೊಳಕೆಯೊಂದು ಕಾಣಿಸಿಕೊಂಡಿತ್ತು. ಅದನ್ನು ನಾನು ಎಷ್ಟು ಹೊತ್ತು ನೋಡುತ್ತ ನಿಂತೆನೆಂದರೆ ಮನೆಯ ಮಕ್ಕಳಿಗೆ ನಾನೇ ನೋಟವಾದೆ. ಸಂಧಿಸಂಧಿಯಾಗಿ ಬೆಳೆಯುವ ಈ ಕಾಂಡವನ್ನು ಕಂಡು ಪ್ರಾಚೀನರು ಅಸ್ಥಿಚಿಕಿತ್ಸೆಗೆ ಇದನ್ನು ಆರಿಸಿಕೊಂಡಿರಬಹುದೆಂಬ ಊಹೆ ಸಹಜವೇ. ಆದರೆ ರೂಪಸಾಮ್ಯ ಪ್ರಮಾಣವಾಗಲಾರದು.

ಆ ತಾಯಿ ನನ್ನಂತೆ ಊಹೆಗೆ ಎಡೆಗೊಡುವವರಲ್ಲ. ಮುಟ್ಟು ನಿಂತ ಕೆಲವು ವರ್ಷಗಳಿಗೆ ಅಂಗಳದಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದರಂತೆ. “ಡಾಕ್ಟರು ಕಟ್ಟು ಹಾಕಿದ್ರು, ನಾ ಬಳ್ಳಿ ತಿಂದೆ, ಯಾವುದರಿಂದ ಕೂಡಿತು ಅಂತ ನಾ ಹ್ಯಾಂಗ ಹೇಳ್ಲಿ?” ಎಂದ ಅವರ ಮಾತಿನಲ್ಲಿ, ದೊಡ್ಡ ಅಕ್ಷರದ ಜಾಹೀರಾತುಗಳಲ್ಲಿ ಕಾಣದ ಪ್ರಾಮಾಣಿಕತೆಯಿತ್ತು.

ರಜೋನಿವೃತ್ತಿಯೊಡನೆ ಈಸ್ಟ್ರೋಜೆನ್ ಕುಗ್ಗಿದಾಗ, ಹಳೆಯ ಮೂಳೆಯನ್ನು ಕರಗಿಸುವ ಕೋಶಗಳ ವೇಗಕ್ಕೆ ಹೊಸತನ್ನು ಕಟ್ಟುವ ಕೋಶಗಳು ಸರಿಗಟ್ಟಲಾರವು. ಮೊದಲ ಕೆಲವು ವರ್ಷಗಳಲ್ಲಿಯೇ ನಷ್ಟ ಅತ್ಯಂತ ತೀವ್ರವಾಗಿರುತ್ತದೆ, ಮುಂಗೈ, ಬೆನ್ನೆಲುಬು, ತೊಡೆಯ ಸಂದುಗಳು ಅಲ್ಪ ಆಘಾತಕ್ಕೂ ಮುರಿಯತೊಡಗುತ್ತವೆ. ಸ್ತ್ರೀಯ ಋತುಕಾಲ 12ರಿಂದ 50ರವರೆಗೆ ಎಂದು ಸುಶ್ರುತ ಸಂಹಿತೆ ಹೇಳಿದರೆ, ಚೀನೀಯರ ಪ್ರಾಚೀನ ವೈದ್ಯಗ್ರಂಥ ‘ಹುಆಂಗ್‌ಡಿ ನೈಜಿಂಗ್’ ಏಳೇಳು ವರ್ಷಗಳ ಲೆಕ್ಕದಲ್ಲಿ 49ಕ್ಕೆ ಬಂದು ನಿಲ್ಲುತ್ತದೆ. ಮೂಳೆಗಳ ಒಡೆತನವನ್ನು ಮೂತ್ರಪಿಂಡಕ್ಕೆ ವಹಿಸಿದ ಆ ಪರಂಪರೆ ಬಂಡೆಗಳ ಮೇಲೆ ಬೆಳೆಯುವ ಡ್ರೈನೇರಿಯಾ ಎಂಬ ಜರೀಗಿಡವನ್ನೂ, ಎಪಿಮೀಡಿಯಂ ಎಲೆಯನ್ನೂ, ಯೂಕೋಮಿಯಾ ಮರದ ತೊಗಟೆಯನ್ನೂ ಇದಕ್ಕಾಗಿ ಬಳಸಿತು; ಇಂದು ಅಲ್ಲಿ ಇವು ಕ್ಯಾಪ್ಸೂಲುಗಳಾಗಿ ಮಾರಾಟವಾಗುತ್ತಿವೆ. ಎಪಿಮೀಡಿಯಂ ಸೇರಿದ ‘ಶಿಯಾನ್‌ಲಿಂಗ್ ಗುಬಾವ್’ ಎಂಬ ಪ್ರಸಿದ್ಧ ಮೂಳೆಯೌಷಧ ಯಕೃತ್ತಿಗೆ ಹಾನಿಮಾಡಬಹುದೆಂದು ಚೀನದ ಔಷಧ ನಿಯಂತ್ರಕರೇ 2016ರಲ್ಲಿ ಎಚ್ಚರಿಸಿದರು. ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲವೆನ್ನುವವರಿಗೆ ಈ ಒಂದು ಸಂಗತಿ ಸಾಕು.

ನಮ್ಮ ಬಳ್ಳಿಯನ್ನು ಆಧುನಿಕ ಪರೀಕ್ಷೆಗೆ ಒಡ್ಡಿದವರಲ್ಲಿ ಅಗ್ರಗಣ್ಯರು ಕನ್ನಡಿಗರೇ ಎಂಬುದು ನನಗೆ ಅಭಿಮಾನದ ವಿಷಯ. ದಕ್ಷಿಣ ಕನ್ನಡದಲ್ಲಿ ಹುಟ್ಟಿ, ಆಯುರ್ವೇದವನ್ನೂ ಶಸ್ತ್ರವೈದ್ಯವನ್ನೂ ಕಲಿತು, ಕಾಶಿಯ ಹಿಂದೂ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜನ್ನು ಕಟ್ಟಿದ ಡಾ. ಕೆ. ಎನ್. ಉಡುಪರು, ಸಹೋದ್ಯೋಗಿ ಜಿ. ಸಿ. ಪ್ರಸಾದರೊಡನೆ 1960ರ ದಶಕದ ಆರಂಭದಲ್ಲಿ ಮುರಿದ ಮೂಳೆ ಕೂಡುವ ಬಗೆಯನ್ನು ವಿಕಿರಣಶೀಲ ಕ್ಯಾಲ್ಸಿಯಂ-45ರ ನೆರವಿನಿಂದಲೂ ಅಳೆದು, ಮಂಗರಬಳ್ಳಿ ಆ ಕಾರ್ಯವನ್ನು ತ್ವರೆಗೊಳಿಸುವುದೆಂದು ಪ್ರಕಟಿಸಿದರು. 2003ರಲ್ಲಿ ಮಣಿಪಾಲದ ಸಂಶೋಧಕರು, ಅಂಡಾಶಯವನ್ನು ತೆಗೆದುಹಾಕಿದ ಹೆಣ್ಣಿಲಿಗಳಿಗೆ ಇದರ ಸಾರವನ್ನು ಕೊಟ್ಟು, ರಾಲಾಕ್ಸಿಫೀನ್ ಎಂಬ ಔಷಧದೊಡನೆ ಹೋಲಿಸಿ, ಮೂಳೆಯ ಸವೆತ ತಗ್ಗಿದುದನ್ನು ಕಂಡರು.

ಆದರೆ ಇಲಿಯ ತೊಡೆಮೂಳೆಯಿಂದ ಕುಂದಗೋಳದ ಹತ್ತಿಹೊಲದಲ್ಲಿ ಕಳೆ ಕೀಳುವ ಐವತ್ತೈದರ ಹೆಂಗಸಿನ ಬೆನ್ನೆಲುಬಿಗೆ ಬರುವ ದಾರಿ ದೀರ್ಘವಾದುದು. ಮನುಷ್ಯರ ಮೇಲಣ ಪ್ರಯೋಗಗಳು ಇನ್ನೂ ಸಣ್ಣವು. ಬಳ್ಳಿಯ ಹೆಸರಿನಲ್ಲಿ ಬಾಟಲಿಗಳು ಅಂಗಡಿಯನ್ನು ತುಂಬುವುದಕ್ಕಿಂತ ಮುಂಚೆ, 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ ಅಲ್ಲಿಯ ಆಯುರ್ವೇದ ವಿದ್ಯಾಲಯವೂ ಕೂಡಿ ಈ ತಾಲೂಕಿನ ಹೆಂಗಸರ ನಡುವೆಯೇ ಒಂದು ದೊಡ್ಡ ಪರೀಕ್ಷೆಯನ್ನೇಕೆ ಕೈಕೊಳ್ಳಬಾರದು? ಅರ್ಧ ಜನಕ್ಕೆ ಬಳ್ಳಿಯ ಚೂರ್ಣ, ಉಳಿದರ್ಧಕ್ಕೆ ಅದನ್ನೇ ಹೋಲುವ ನಿರ್ವೀರ್ಯ ಪುಡಿ, ಎಲ್ಲರಿಗೂ ಸಮನಾಗಿ ಹಾಲು, ಎಳ್ಳು, ಬಿಸಿಲು. ಆರಂಭದಲ್ಲೊಮ್ಮೆ, ಎರಡು ವರ್ಷಗಳ ತರುವಾಯ ಮತ್ತೊಮ್ಮೆ ಡೆಕ್ಸಾ ಯಂತ್ರದಿಂದ ಮೂಳೆಯ ಸಾಂದ್ರತೆಯ ಅಳತೆ, ನಡುವೆ ಯಕೃತ್ತಿನ ತಪಾಸಣೆ. ಈಗಾಗಲೇ ಸವೆತ ಪತ್ತೆಯಾಗಿ ವೈದ್ಯರ ಮಾತ್ರೆಯಲ್ಲಿರುವವರನ್ನು ಅದರಿಂದ ಬಿಡಿಸಿ ಈ ಪ್ರಯೋಗಕ್ಕೆ ಎಳೆತರತಕ್ಕದ್ದಲ್ಲ. ಮುಟ್ಟು ನಿಂತು ಮೂರು-ನಾಲ್ಕು ವರ್ಷಗಳೊಳಗಿನವರೂ, ಇನ್ನೂ ಮೂಳೆ ಮುರಿಯದವರೂ ಇದಕ್ಕೆ ತಕ್ಕವರು.