ಹೊಸ ಬೈಕ್‌ನ ಸ್ಪೀಡ್ ನೋಡ್ಬೇಕಾ? ಹೈವೇ ಬಿಡಿ, ಟ್ರ್ಯಾಕ್‌ಗೆ ಹೋಗಿ: ಕಡಿಮೆ ಖರ್ಚಿನಲ್ಲಿ ತಯಾರಿ ಹೇಗೆ?

ಮುಳಬಾಗಿಲು: ಹೋದ ವರ್ಷ ರಾಗಿ ಒಕ್ಕಣೆ ಟೈಮಲ್ಲಿ ನನ್ನ ಸ್ನೇಹಿತನೊಬ್ಬ ಬೈಕ್‌ನಿಂದ ಬಿದ್ದ. ಬೈಕ್ ತಗೊಂಡು ಒಂದು ತಿಂಗಳೂ ಆಗಿರಲಿಲ್ಲ. ರಾತ್ರಿ ಕುರುಡುಮಲೆ ಕಡೆ ರಸ್ತೆಯಲ್ಲಿ "ಒಂದ್ಸಲ ಫುಲ್ ಎಳೆದು ನೋಡೋಣ" ಅಂತ ಹೊರಟಿದ್ದ. ತಿರುವಿನಲ್ಲಿ ರಸ್ತೆ ಮೇಲೆ ರಾಗಿ ಹುಲ್ಲು ಹರಡಿದ್ದರು. ಟೈರ್ ಜಾರಿತು. ಕಾಲರ್ ಬೋನ್ ಮುರೀತು, ಬಲಗೈ ಮಣಿಕಟ್ಟು ಮುರೀತು. ಅವರಪ್ಪನ ಕಿರಾಣಿ ಅಂಗಡಿ ಹೆಚ್ಚುಕಡಿಮೆ ಇಪ್ಪತ್ತು ದಿನ ಬಾಗಿಲು ಹಾಕಿತ್ತು, ಯಾಕಂದ್ರೆ ಅಪ್ಪ ಆಸ್ಪತ್ರೆಯಲ್ಲಿ ಮಗನ ಪಕ್ಕ ಕೂತಿದ್ದರು. ಬೈಕ್‌ನ ಕಂತು ಮಾತ್ರ ತಿಂಗಳಾಗ್ತಿದ್ದ ಹಾಗೆ ಕಟ್ ಆಗ್ತಾನೇ ಇತ್ತು.

ನಮ್ಮ ತಾಲ್ಲೂಕಲ್ಲಿ ಈಗ ಸಂದಿಗೊಂದು ಸ್ಪೋರ್ಟ್ ಬೈಕ್ ಇದೆ. ಆರ್15, ಆರ್‌ಸಿ 200, ಅಪಾಚೆ ಆರ್‌ಆರ್ 310. ಹುಡುಗರಿಗೆ "ಸ್ಪೀಡ್ ಹೋಗ್ಬೇಡ್ರೋ" ಅಂತ ಬೈದರೆ ಕೇಳಲ್ಲ, ನನಗೂ ಬೈದಿದ್ದಾರೆ, ನಾನೂ ಕೇಳಿಲ್ಲ. ಅದಕ್ಕೇ ಬುದ್ಧಿಮಾತು ಬಿಟ್ಟು ಒಂದು ದಾರಿ ಹೇಳೋಣ ಅಂತ ಈ ಬರಹ. ಸ್ಪೀಡ್‌ಗೆ ಅಂತಾನೇ ಕಟ್ಟಿರೋ ಜಾಗ ಇದೆ. ಅಲ್ಲಿಗೆ ಹೋಗೋಕೆ ಲಕ್ಷಗಟ್ಟಲೆ ಬೇಕಿಲ್ಲ.

ಟ್ರ್ಯಾಕ್ ಎಲ್ಲಿದೆ?

ನಮಗೆ ಹತ್ತಿರ ಅಂದ್ರೆ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈ. ನಂಗಲಿ ದಾಟಿ, ಪಲಮನೇರು, ಚಿತ್ತೂರು, ರಾಣಿಪೇಟೆ ಮೇಲೆ ಹೋದ್ರೆ ಸುಮಾರು 200 ಕಿ.ಮೀ. ಹಳಬರು ಅದನ್ನ ಎಂಎಂಆರ್‌ಟಿ ಅಂತಾರೆ, ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಒಂದು ಸುತ್ತು 3.7 ಕಿ.ಮೀ., ಅದರಲ್ಲಿ 12 ತಿರುವು. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಅದು ಚಿಕ್ಕದು, 2.1 ಕಿ.ಮೀ. 2023ರಲ್ಲಿ ಮೋಟೋಜಿಪಿ ನಡೆದ ಬುದ್ಧ ಸರ್ಕ್ಯೂಟ್ ಗ್ರೇಟರ್ ನೋಯ್ಡಾದಲ್ಲಿದೆ, ಅದು ನಮ್ಮ ಬಜೆಟ್‌ಗೆ ದೂರ.

ಟ್ರ್ಯಾಕ್ ಡೇ ಅಂದ್ರೆ ರೇಸ್ ಅಲ್ಲ. ಫೀಸ್ ಕಟ್ಟಿ ಹೆಸರು ಕೊಡ್ತೀರಿ, ನಿಮ್ಮ ಅನುಭವ ನೋಡಿ ಗುಂಪು ಮಾಡ್ತಾರೆ, ಹದಿನೈದು ಇಪ್ಪತ್ತು ನಿಮಿಷದ ಸರದಿಗಳಲ್ಲಿ ಬಿಡ್ತಾರೆ. ಬೈಕ್ ಕಂಪನಿಗಳು ತಮ್ಮ ಗಿರಾಕಿಗಳಿಗೆ ಅಂತ ಆಗಾಗ ನಡೆಸ್ತವೆ, ಶೋರೂಂನಲ್ಲಿ ಕೇಳಿ ಇಟ್ಟಿರಿ. ಅಲ್ಲಿ ಎದುರಿಂದ ಲಾರಿ ಬರಲ್ಲ, ಲೈಟಿಲ್ಲದ ಟ್ರ್ಯಾಕ್ಟರ್ ಇರಲ್ಲ, ಹಸು ಅಡ್ಡ ಬರಲ್ಲ. ಬಿದ್ದರೆ ಜಾರಿ ಹೋಗೋಕೆ ಖಾಲಿ ಜಾಗ ಇರತ್ತೆ, ಆಂಬುಲೆನ್ಸ್ ಅಲ್ಲೇ ನಿಂತಿರತ್ತೆ.

ಶೋರೂಂನಿಂದ ನೇರ ಟ್ರ್ಯಾಕ್‌ಗೆ ಬೇಡ

ಹೊಸ ಬೈಕ್‌ನ ಎಂಜಿನ್ ಒಳಗೆ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ, ಗೇರ್ ಎಲ್ಲ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕು. ಆಗ ಸಣ್ಣ ಲೋಹದ ಪುಡಿ ಆಯಿಲ್‌ಗೆ ಸೇರತ್ತೆ. ಅದಕ್ಕೇ ಮೊದಲ 1,000 ಕಿ.ಮೀ. ಮ್ಯಾನುಯಲ್‌ನಲ್ಲಿ ಹೇಳಿದ ಆರ್‌ಪಿಎಂ ಮೀರದೆ ಓಡಿಸಿ, ಮೊದಲ ಸರ್ವೀಸ್ ಮಾಡಿಸಿ, ಹಳೇ ಆಯಿಲ್ ತೆಗೆಸಿ. ಆಮೇಲೆ ಟ್ರ್ಯಾಕ್ ಮಾತು.

ಟೈರ್‌ಗೂ ಇದೇ. ಹೊಸ ಟೈರ್ ಮೈ ನುಣುಪಾಗಿರತ್ತೆ, ಮೊದಮೊದಲು ಹಿಡಿತ ಕಡಿಮೆ. ಬ್ರೇಕ್ ಪ್ಯಾಡ್ ಕೂಡ ಡಿಸ್ಕ್‌ಗೆ ಪೂರ್ತಿ ಕೂತಿರಲ್ಲ. ಈ ಸಾವಿರ ಕಿ.ಮೀ.ನಲ್ಲಿ ಎಲ್ಲ ಸರಿಹೋಗತ್ತೆ. ತಾಳ್ಮೆಗೆ ಬಿಲ್ ಇಲ್ಲ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ನಮ್ಮ ಹುಡುಗರು ಮೊದಲು ದುಡ್ಡು ಹಾಕೋದು ಸೈಲೆನ್ಸರ್‌ಗೆ. ಸದ್ದು ಜಾಸ್ತಿ ಆಗತ್ತೆ, ಪವರ್ ಹೆಚ್ಚೋದು ಹೆಸರಿಗಷ್ಟೇ. ವಾರಂಟಿಗೆ ತಕರಾರು, ಊರಲ್ಲಿ ಪೊಲೀಸರ ಕಾಟ ಬೇರೆ. ಆರ್15 ವಿ4ನ 155 ಸಿಸಿ ಎಂಜಿನ್ ಕೊಡೋದು 18.4 ಪಿಎಸ್. ಹೊಸಬರಿಗೆ ಟ್ರ್ಯಾಕ್‌ನಲ್ಲಿ ಅದನ್ನೇ ಪೂರ್ತಿ ಬಳಸೋಕೆ ಬರಲ್ಲ. ಎಂಜಿನ್ ಮುಟ್ಟಬೇಡಿ. ಮೊದಲು ನಿಲ್ಲೋದನ್ನ ನೋಡಿಕೊಳ್ಳಿ.

ಬ್ರೇಕ್ ಫ್ಲೂಯಿಡ್: ಇದೇ ಎಲ್ಲಕ್ಕಿಂತ ಮುಖ್ಯ, ಇದೇ ಎಲ್ಲಕ್ಕಿಂತ ಅಗ್ಗ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಮುಚ್ಚಳ ತೆಗೆದಿಟ್ಟರೆ ಉಪ್ಪು ನೀರಾಗೋದನ್ನ ಅಂಗಡಿಯವರೆಲ್ಲ ನೋಡಿದ್ದೀರಿ. ಬ್ರೇಕ್ ಫ್ಲೂಯಿಡ್ ಕೂಡ ಹಾಗೇ ಗಾಳಿಯಲ್ಲಿನ ತೇವ ಎಳ್ಕೊಳ್ಳತ್ತೆ. ಹೊಸ ಡಾಟ್ 4 ಫ್ಲೂಯಿಡ್ ಕುದಿಯೋದಕ್ಕೆ ಕನಿಷ್ಠ 230 ಡಿಗ್ರಿ ಬೇಕು ಅಂತ ನಿಯಮ. ನೀರು ಕುಡಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯತ್ತೆ. ಟ್ರ್ಯಾಕ್‌ನಲ್ಲಿ ತಿರುವು ತಿರುವಿಗೂ ಜೋರಾಗಿ ಬ್ರೇಕ್ ಹಿಡೀತೀರಿ, ಕ್ಯಾಲಿಪರ್ ಕಾಯತ್ತೆ, ಒಳಗೆ ಫ್ಲೂಯಿಡ್ ಕುದ್ದು ಗುಳ್ಳೆ ಏಳತ್ತೆ. ದ್ರವವನ್ನ ಒತ್ತಿದರೆ ಒತ್ತಡ ನೇರ ಪ್ಯಾಡ್‌ಗೆ ಹೋಗತ್ತೆ, ಗುಳ್ಳೆಯನ್ನ ಒತ್ತಿದರೆ ಗುಳ್ಳೆ ಕುಗ್ಗತ್ತೆ ಅಷ್ಟೇ. ಲಿವರ್ ಹ್ಯಾಂಡಲ್‌ಗೆ ತಾಗೋ ತನಕ ಬರತ್ತೆ, ಬೈಕ್ ಮಾತ್ರ ನಿಲ್ಲಲ್ಲ. ನಿಮ್ಮ ಬೈಕ್ ಹೊಸದೇ ಇರಬಹುದು, ಆದ್ರೆ ಮಾರಾಟ ಆಗೋ ಮುಂಚೆ ಎಷ್ಟು ತಿಂಗಳು ನಿಂತಿತ್ತೋ. ಸೀಲ್ ಒಡೆಯದ ಬಾಟಲಿ ತಂದು, ನಿಮ್ಮ ಮೆಕ್ಯಾನಿಕ್ ಕೈಲಿ ಹಳೇದು ತೆಗೆಸಿ, ಗಾಳಿ ಬಿಡಿಸಿ ತುಂಬಿಸಿ. ಯಾವ ಡಾಟ್ ಅನ್ನೋದು ಮುಚ್ಚಳದ ಮೇಲೇ ಬರೆದಿರತ್ತೆ. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್, ಬೇರೆ ಜಾತಿ.

ಟೈರ್: ಕಂಪನಿ ಕೊಟ್ಟ ಟೈರ್ ಮೊದಲ ಕೆಲವು ಟ್ರ್ಯಾಕ್ ಡೇಗೆ ಧಾರಾಳ ಸಾಕು. ಪಂಚರ್ ಹಾಕಿದ ಟೈರ್‌ನಲ್ಲಿ ಇಳಿಯಬೇಡಿ. ಓಡಿಸ್ತಾ ಟೈರ್ ಕಾದರೆ ಒಳಗಿನ ಗಾಳಿ ಹಿಗ್ಗಿ ಒತ್ತಡ ಏರತ್ತೆ. ಒತ್ತಡ ಜಾಸ್ತಿ ಆದ್ರೆ ಟೈರ್ ಉಬ್ಬಿ ನೆಲಕ್ಕೆ ತಾಗೋ ಭಾಗ ಕಡಿಮೆ ಆಗತ್ತೆ, ಹಿಡಿತ ಹೋಗತ್ತೆ. ಬೆಳಗ್ಗೆ ತಣ್ಣಗಿರುವಾಗ ಮ್ಯಾನುಯಲ್‌ನ ಲೆಕ್ಕಕ್ಕೆ ಹಾಕಿಸಿ, ಮೊದಲ ಸರದಿ ಮುಗಿಸಿ ಬಂದ ಕೂಡಲೇ ಅಳೆಯಿರಿ, ಅಲ್ಲಿನ ತರಬೇತುದಾರರನ್ನ ಕೇಳಿ ಬೇಕಾದಷ್ಟು ಇಳಿಸಿ. ಬಂಕ್‌ನ ಮೀಟರ್ ಒಂದೊಂದು ಕಡೆ ಒಂದೊಂದು ತೋರಿಸತ್ತೆ. ಸ್ವಂತದ್ದೊಂದು ಗಾಳಿ ಮೀಟರ್ ತಗೊಳ್ಳಿ.

ಚೈನ್: ತೊಳೆದು, ಲೂಬ್ ಹಾಕಿ, ಸಡಿಲ ಎಷ್ಟಿರಬೇಕೋ ಅಷ್ಟೇ ಇಡಿ. ಬಿಗಿ ಜಾಸ್ತಿಯಾದ್ರೂ ಕಷ್ಟ, ಸಡಿಲ ಜಾಸ್ತಿಯಾದ್ರೂ ಕಷ್ಟ. ಹಿಂದಿನ ಚಕ್ರದ ನಟ್ ಬಿಗಿ ಇದೆಯಾ ಅಂತ ಎರಡು ಸಲ ನೋಡಿ.

ಕೂಲಂಟ್: ಟ್ರ್ಯಾಕ್ ಮೇಲೆ ಚೆಲ್ಲಿದ್ರೆ ಹಿಂದೆ ಬರೋರು ಜಾರ್ತಾರೆ. ಕೆಲವು ಕಡೆ ಬರೀ ನೀರು ಹಾಕ್ಕೊಂಡು ಬನ್ನಿ ಅಂತಾರೆ. ಮೊದಲೇ ಕೇಳಿ. ನೀರು ಹಾಕೋದಾದ್ರೆ ಡಿಸ್ಟಿಲ್ಡ್ ವಾಟರ್ ಹಾಕಿ, ಊರಿಗೆ ಬಂದ ಮೇಲೆ ಮತ್ತೆ ಕೂಲಂಟ್ ತುಂಬಿಸಿ.

ಬಿಚ್ಚೋದು, ಸುತ್ತೋದು

ಈ ಕೆಲಸಕ್ಕೆ ಸ್ಪ್ಯಾನರ್ ಸೆಟ್, ಹಾರ್ಡ್‌ವೇರ್ ಅಂಗಡಿಯ ಟೇಪ್ ಎರಡೇ ಸಾಕು. ಕನ್ನಡಿ, ನಂಬರ್ ಪ್ಲೇಟ್, ಸೀರೆ ಗಾರ್ಡ್ ಬಿಚ್ಚಿ. ಬಿದ್ದಾಗ ಇವೇ ಮುರಿದು ಚುಚ್ಚೋದು. ಹೆಡ್‌ಲೈಟ್, ಇಂಡಿಕೇಟರ್, ಹಿಂದಿನ ಲೈಟ್ ಮೇಲೆ ಟೇಪ್ ಸುತ್ತಿ, ಒಡೆದರೂ ಚೂರು ಟ್ರ್ಯಾಕ್ ಮೇಲೆ ಬೀಳಬಾರದು. ಸೈಡ್ ಸ್ಟ್ಯಾಂಡ್ ತಂತಿಯಲ್ಲಿ ಕಟ್ಟಿ. ಫ್ರೇಮ್ ಸ್ಲೈಡರ್ ಹಾಕಿಸಿದ್ರೆ ಬಿದ್ದಾಗ ಫೇರಿಂಗ್, ಎಂಜಿನ್ ಕವರ್ ಉಳಿಯೋ ಸಾಧ್ಯತೆ ಇದೆ. ಬಿಚ್ಚಿದ್ದೆಲ್ಲ ಒಂದು ಚೀಲಕ್ಕೆ ಹಾಕಿ, ಬೋಲ್ಟ್ ಸಮೇತ. ರಸ್ತೆಗೆ ಇಳಿಯೋ ಮುಂಚೆ ಎಲ್ಲ ವಾಪಸ್ ಕೂರಿಸಬೇಕು, ಸೀರೆ ಗಾರ್ಡ್ ಕೂಡ, ಅದು ಕಾನೂನು.

ಬೈಕ್‌ಗಿಂತ ಮೈಗೆ ಜಾಸ್ತಿ

ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಮಣಿಕಟ್ಟು ಮುಚ್ಚೋ ಗ್ಲೌಸ್, ಕಣಕಾಲು ಮುಚ್ಚೋ ಬೂಟು, ಲೆದರ್ ಸೂಟು, ಬೆನ್ನಿಗೆ ಪ್ರೊಟೆಕ್ಟರ್. ಇದರಲ್ಲಿ ಒಂದು ಕಡಿಮೆ ಇದ್ರೂ ಗೇಟಿಂದಾನೇ ವಾಪಸ್ ಕಳಿಸಬಹುದು. ಲೆದರ್ ಸೂಟು ದುಬಾರಿ. ಮೊದಲ ಸಲ ಬಾಡಿಗೆಗೆ ತಗೊಳ್ಳಿ, ಇಷ್ಟ ಆದ್ರೆ ಆಮೇಲೆ ಸೆಕೆಂಡ್ ಹ್ಯಾಂಡ್ ಹುಡುಕಿ. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಒಮ್ಮೆ ಏಟು ತಿಂದ ಹೆಲ್ಮೆಟ್‌ನ ಒಳಗಿನ ಥರ್ಮಾಕೋಲ್ ಕುಗ್ಗಿರತ್ತೆ, ಹೊರಗೆ ಕಾಣಲ್ಲ.

ನನ್ನ ಲೆಕ್ಕ

ಬಿ.ಕಾಂ ಅರ್ಧಕ್ಕೆ ಬಿಟ್ಟೋನು ನಾನು, ಆದ್ರೂ ಇಷ್ಟು ಲೆಕ್ಕ ಬರತ್ತೆ. ನನ್ನ ಆರ್15ಗೆ ಆದ ಖರ್ಚು ಇದು, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಇರತ್ತೆ.

ಬ್ರೇಕ್ ಫ್ಲೂಯಿಡ್, ಕೂಲಿ ಸೇರಿ: 450 ರೂ.
ಎಂಜಿನ್ ಆಯಿಲ್, ಫಿಲ್ಟರ್: 900 ರೂ.
ಚೈನ್ ಕ್ಲೀನರ್, ಲೂಬ್: 600 ರೂ.
ಗಾಳಿ ಮೀಟರ್: 500 ರೂ.
ಟೇಪ್, ತಂತಿ, ಜಿಪ್ ಟೈ: 200 ರೂ.
ಫ್ರೇಮ್ ಸ್ಲೈಡರ್: 2,000 ರೂ.
ಬೈಕ್‌ಗೆ ಒಟ್ಟು: 4,650 ರೂ.

ಹೆಲ್ಮೆಟ್: 6,500 ರೂ.
ಗ್ಲೌಸ್: 3,000 ರೂ.
ಸೆಕೆಂಡ್ ಹ್ಯಾಂಡ್ ಬೂಟು: 4,000 ರೂ.
ಮೈಗೆ ಒಟ್ಟು: 13,500 ರೂ.

ಬೈಕ್‌ಗೆ ಒಂದು ರೂಪಾಯಿ ಆದ್ರೆ ಮೈಗೆ ಹತ್ತಿರಹತ್ತಿರ ಮೂರು ರೂಪಾಯಿ. ಈ ಅನುಪಾತ ಉಲ್ಟಾ ಆಗಿದ್ರೆ ನಿಮ್ಮ ತಯಾರಿ ತಪ್ಪಿದೆ ಅಂತ ಅರ್ಥ. ಟ್ರ್ಯಾಕ್ ಫೀಸ್, ಸೂಟಿನ ಬಾಡಿಗೆ, ಪೆಟ್ರೋಲ್ ಬೇರೆ. ಬೈಕ್ ಓಡಿಸ್ಕೊಂಡು ಹೋಗೋಕಿಂತ ಇಬ್ಬರು ಮೂವರು ಸೇರಿ ಟಾಟಾ ಏಸ್ ಬಾಡಿಗೆ ಮಾಡೋದು ಒಳ್ಳೇದು. ದಿನವೆಲ್ಲ ಓಡಿಸಿ ಸುಸ್ತಾದ ಮೇಲೆ ರಾತ್ರಿ 200 ಕಿ.ಮೀ. ಬೈಕ್ ಮೇಲೆ ಬರೋದೇ ದೊಡ್ಡ ಅಪಾಯ. ಬಿದ್ದು ಬೈಕ್ ಕೆಟ್ಟರೆ ತರೋಕೂ ಗಾಡಿ ಬೇಕಲ್ಲ.

ಇನ್ನೊಂದು ಮಾತು, ಕಂತು ಕಟ್ಟೋ ಅಪ್ಪಂದಿರಿಗೆ. ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ನಂಥ ಬಳಕೆಗೆ ಮಾಮೂಲಿ ಬೈಕ್ ಇನ್ಶೂರೆನ್ಸ್ ಅನ್ವಯಿಸಲ್ಲ. ಟ್ರ್ಯಾಕ್‌ನಲ್ಲಿ ಬಿದ್ದರೆ ರಿಪೇರಿ ಖರ್ಚು ನಮ್ಮದೇ ಅಂತ ತಿಳಿದೇ ಹೋಗಬೇಕು. ಹಾಗಂತ ರಸ್ತೆ ಅಗ್ಗ ಅಂದ್ಕೋಬೇಡಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಇಲ್ಲಾ ಎರಡೂ.

ಆ ದಿನ ಹೇಗಿರತ್ತೆ?

ಬೆಳಗ್ಗೆ ಬೈಕ್ ತಪಾಸಣೆ, ಆಮೇಲೆ ಪಾಠ. ಬಾವುಟಗಳನ್ನ ಬಾಯಿಪಾಠ ಮಾಡಿ. ಹಳದಿ ಅಂದ್ರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಕೆಂಪು ಅಂದ್ರೆ ಸರದಿ ನಿಂತಿದೆ, ನಿಧಾನವಾಗಿ ಪಿಟ್‌ಗೆ ಬನ್ನಿ. ನೀಲಿ ಅಂದ್ರೆ ಹಿಂದೆ ನಿಮಗಿಂತ ವೇಗದವರು ಇದ್ದಾರೆ. ಮೊದಲ ಎರಡು ಸುತ್ತು ಟೈರ್ ಕಾಯೋ ತನಕ ನಿಧಾನ. ಪ್ರತಿ ಸರದಿ ಮುಗಿದ ಮೇಲೆ ಟೈರ್ ಒತ್ತಡ, ಚೈನ್, ಬ್ರೇಕ್ ಲಿವರ್ ನೋಡಿ, ನೀರು ಕುಡಿಯಿರಿ. ಶ್ರೀಪೆರಂಬುದೂರಿನ ಬಿಸಿಲಲ್ಲಿ ಲೆದರ್ ಹಾಕ್ಕೊಂಡರೆ ಒಲೆ ಮೇಲೆ ಕೂತ ಹಾಗೆ. ಸುಸ್ತು ಅನ್ನಿಸಿದ್ರೆ ಕೊನೇ ಸರದಿ ಬಿಟ್ಟುಬಿಡಿ, ದುಡ್ಡು ಹೋದ್ರೆ ಹೋಗಲಿ.

ನಾನು ಮೊದಲ ಸಲ ಹೋದಾಗ ನನಗಿಂತ ವಯಸ್ಸಾದೋರು, ನನ್ನದೇ ಥರದ ಬೈಕ್‌ನಲ್ಲಿ, ತಿರುವಿನ ಒಳಗಿಂದ ದಾಟಿ ಹೋದರು. ಹೈವೇಲಿ ನಾನೇ ರಾಜ ಅಂದ್ಕೊಂಡಿದ್ದ ಜಂಭ ಅಲ್ಲೇ ಇಳೀತು. ವಾಪಸ್ ಬಂದ ಮೇಲೆ ನಂಗಲಿ ರಸ್ತೆಯಲ್ಲಿ ಬೈಕ್ ಎಳೆಯೋ ಆಸೆಯೇ ಹೋಯ್ತು.

ಬಿದ್ದನಲ್ಲ, ಆ ಸ್ನೇಹಿತ. ಅವನ ಮಣಿಕಟ್ಟು ಇನ್ನೂ ಪೂರ್ತಿ ತಿರುಗಲ್ಲ, ಥ್ರಾಟಲ್ ಹಿಡಿಯೋಕೆ ಆಗಲ್ಲ. ಎರಡನೇ ಸಲ ನನ್ನ ಜೊತೆ ಟ್ರ್ಯಾಕ್‌ಗೆ ಬಂದಿದ್ದ. ಇಡೀ ದಿನ ಪಿಟ್‌ನಲ್ಲಿ ನಿಂತು ಎಡಗೈಯಲ್ಲಿ ಗಾಳಿ ಮೀಟರ್ ಹಿಡಿದು ಟೈರ್ ಅಳೆದ. ಸಂಜೆ ಬೈಕ್ ಏಸ್‌ಗೆ ಏರಿಸಿ ಹಗ್ಗ ಕಟ್ಟುವಾಗ ಒಂದೇ ಮಾತು ಕೇಳಿದ: "ಇಂಥ ಜಾಗ ಇದೆ ಅಂತ ನನಗೆ ಯಾರೂ ಯಾಕೆ ಹೇಳಲಿಲ್ಲ?"

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಹೊಸ ಬೈಕ್ ತಗೊಂಡ ಹುಡುಗ ಇದ್ರೆ, ದಯವಿಟ್ಟು ಅವನಿಗೆ ಹೇಳಿ.